ಬಟಾಣಿಯ ಬಣ್ಣ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಬೇಕರಿಯವನು ಎಂದೇ. ಮೊಮ್ಮಗಳು ಹುಟ್ಟಿದ ಬೆಳಗ್ಗೆಯಿಂದ ಮಾತ್ರ ಅವನು ಯಾರು ಕೇಳಲಿ ಬಿಡಲಿ, ತಾನೀಗ ತಾತ ಎಂದು ಹೇಳಿಕೊಂಡು ತಿರುಗತೊಡಗಿದ. ಆಸ್ಪತ್ರೆಯ ಲಿಫ್ಟಿನವನಿಗೆ ಹೇಳಿದ, ಔಷಧಿ ಅಂಗಡಿಯವನಿಗೆ ಹೇಳಿದ, ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದ ಯಾರೋ ಅಪರಿಚಿತನಿಗೂ ಹೇಳಿ ಅವನ ಕೈಗೊಂದು ಬಿಸ್ಕತ್ತು ಇಟ್ಟ. ಹಾಗಾಗಿ ನಾವೂ ಅವನನ್ನು ತಾತ ಎಂದೇ ಕರೆಯೋಣ.

ತಾತನಿಗೆ ಇದ್ದವಳು ಒಬ್ಬಳೇ ಮಗಳು. ಅವಳ ತಾಯಿ ತೀರಿಕೊಂಡಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅಂದಿನಿಂದ ಜಡೆ ಹೆಣೆಯುವುದರಿಂದ ಹಿಡಿದು ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕುವವರೆಗೆ ಎಲ್ಲವನ್ನೂ ಅವನೇ ಮಾಡಿದ್ದ. ಜಡೆಗಳು ಸ್ವಲ್ಪ ಬ್ರೆಡ್ಡಿನ ಹಿಟ್ಟು ಹೆಣೆದ ಹಾಗೆ ದಪ್ಪಗೆ ಬರುತ್ತಿದ್ದವು ಎನ್ನುವುದನ್ನು ಬಿಟ್ಟರೆ ಹುಡುಗಿಗೆ ಏನೂ ಕಡಿಮೆಯಾಗಿರಲಿಲ್ಲ. ಬೆಳೆದ ಮೇಲೆ ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುವ ಹುಡುಗನೊಬ್ಬ ಮುರಿದ ಕನ್ನಡಕ ಸರಿಮಾಡಿಸಿಕೊಳ್ಳಲು ಬಂದವನು, ಸರಿಯಾದ ಮೇಲೂ ಬರುತ್ತಲೇ ಇದ್ದ. ಕೊನೆಗೆ ಮದುವೆಯಾಯಿತು. ಈಗ ಹೆರಿಗೆಯ ಹೊತ್ತಿಗೆ ಅಳಿಯ ನಡುಸಮುದ್ರದಲ್ಲಿ, ಅಳಿಯನ ತಾಯಿ ರೈಲಿನಲ್ಲಿ ಒಂದು ಹಗಲಿನ ದಾರಿಯಷ್ಟು ದೂರದ ಊರಲ್ಲಿ. ಬಾಣಂತನವೆಂಬುದು ತಾನಾಗಿ ತಾತನ ಹೆಗಲಿಗೆ ಬಂದು ಬಿತ್ತು. ಅವನು ಬೇಕರಿಯ ಭಟ್ಟಿಯನ್ನು ಕೆಲಸದವರಿಗೆ ಒಪ್ಪಿಸಿ, ಹಳೆಯ ಮೆತ್ತನೆಯ ಬಟ್ಟೆಗಳನ್ನು ಒಂದು ಚೀಲದ ತುಂಬ ತುಂಬಿಕೊಂಡು ಬಂದು, ಮಗಳ ಮಂಚದ ಪಕ್ಕದ ಕುರ್ಚಿಯಲ್ಲಿ ತಳ ಊರಿಬಿಟ್ಟ.

ಮಗು ಅವಸರ ಮಾಡಿಕೊಂಡು, ದಿನ ತುಂಬುವುದಕ್ಕೆ ಸ್ವಲ್ಪ ಮೊದಲೇ ಬಂದಿತ್ತು. ಹೆಣ್ಣು ಮಗು. ಒಂದು ಹಿಡಿಯಷ್ಟು ಮುಖ, ಅದರೊಳಗೆ ಯಾರ ಮೇಲೋ ಸಿಟ್ಟು ಬಂದಂತೆ ಗಂಟಿಕ್ಕಿದ ಹುಬ್ಬು. ತಾತ ಅವಳನ್ನು ಮೊದಲ ಸಲ ಎತ್ತಿಕೊಂಡಾಗಲೇ ಬಟಾಣಿ ಎಂದು ಹೆಸರಿಟ್ಟ. ಮಗಳು ನಕ್ಕು, ಹೊಲಿಗೆ ನೋಯುತ್ತದೆ, ನಗಿಸಬೇಡ ಎಂದು ಬೈದಳು.

ಇನ್ನೇನು ಮನೆಗೆ ಹೊರಡುವ ಮಾತು ನಡೆಯುತ್ತಿದ್ದಾಗ ಕಿಟಕಿಯ ಬೆಳಕಿನಲ್ಲಿ ಮಗುವಿಗೆ ಹಾಲುಣಿಸುತ್ತಿದ್ದ ಮಗಳು ಮುಖ ಎತ್ತಿ, ಇವಳು ಹಳದಿಯಾಗಿ ಕಾಣುತ್ತಾಳಲ್ಲ ಎಂದಳು. ತಾತ ಬಗ್ಗಿ ನೋಡಿದ. ಅವನ ಕಣ್ಣಿಗೆ ಅದು ಮೇಲೆ ಮೊಟ್ಟೆ ಸವರಿದ ಬನ್ನಿನ ಹೊಳಪಿನ ಹಾಗೆ ಬಹಳ ಚೆನ್ನಾಗಿಯೇ ಕಂಡಿತು. ಹಾಗೆಂದು ಹೇಳಿಯೂ ಬಿಟ್ಟ. ಆದರೆ ಸುತ್ತು ಹಾಕಲು ಬಂದ ಡಾಕ್ಟರಮ್ಮ ಮಗುವಿನ ಹಣೆಯನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿದಳು, ಎದೆಯ ಮೇಲೆ ಒತ್ತಿದಳು, ಪಾದದ ಮೇಲೆ ಒತ್ತಿದಳು. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಬಟಾಣಿ ಅತ್ತದ್ದಕ್ಕಿಂತ ತಾತ ಮುಖ ಕಿವುಚಿದ್ದೇ ಹೆಚ್ಚು.

ಕಾಮಾಲೆ ಏರಿತ್ತು. ಹುಟ್ಟಿದ ಎಷ್ಟೋ ಮಕ್ಕಳಿಗೆ ಬರುವಂಥದ್ದೇ, ಆದರೆ ಇವಳದು ಸ್ವಲ್ಪ ಜೋರಾಗಿ ಏರುತ್ತಿದೆ, ಬಿಟ್ಟರೆ ಮಿದುಳಿಗೆ ತೊಂದರೆಯಾಗಬಹುದು, ಅದಕ್ಕೆ ನೀಲಿ ದೀಪದ ಕೆಳಗೆ ಮಲಗಿಸಬೇಕು ಎಂದು ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದಳು. ಆ ಬೆಳಕು ಮೈಯೊಳಗಿನ ಹಳದಿಯನ್ನು ಕರಗಿಸಿ ಮಲಮೂತ್ರದಲ್ಲಿ ಹೊರಗೆ ಕಳಿಸುತ್ತದಂತೆ. ತಾತ ಎಲ್ಲದಕ್ಕೂ ತಲೆಯಾಡಿಸಿದ. ಅವನಿಗೆ ಅರ್ಥವಾದದ್ದು ಒಂದೇ, ಬಟಾಣಿಯನ್ನು ಮಗಳ ಪಕ್ಕದಿಂದ ಎತ್ತಿಕೊಂಡು ಹೋಗುತ್ತಾರೆ ಎಂಬುದು.

ಮಕ್ಕಳ ಕೋಣೆ ಅದೇ ಮಹಡಿಯ ಇನ್ನೊಂದು ತುದಿಯಲ್ಲಿತ್ತು. ಗಾಜಿನ ಪೆಟ್ಟಿಗೆಯಂಥ ತೊಟ್ಟಿಲು, ಮೇಲೆ ನೀಲಿ ಬೆಳಕು ಚೆಲ್ಲುವ ದೀಪ. ಬಟಾಣಿಯ ಬಟ್ಟೆ ಬಿಚ್ಚಿ, ಸೊಂಟಕ್ಕೊಂದು ತುಂಡು ಕಟ್ಟಿ, ಕಣ್ಣಿಗೆ ಮೆತ್ತನೆಯ ಪಟ್ಟಿ ಹಾಕಿದರು. ಕನ್ನಡಕದ ಅಂಗಡಿಯವಳ ಮಗಳಿಗೆ ಹುಟ್ಟುತ್ತಲೇ ಕನ್ನಡಕ ಬಂತು ನೋಡು ಎಂದು ತಾತ ಚೇಷ್ಟೆ ಮಾಡಿದ. ಮಗಳು ನಗಲಿಲ್ಲ. ಅವಳು ಗಾಜಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಇಷ್ಟು ತಿಂಗಳು ಹೊಟ್ಟೆಯೊಳಗೇ ಇದ್ದವಳು ಈಗ ಗಾಜಿನ ಆಚೆ ಎನ್ನುವುದು ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಆ ಕೋಣೆಯ ಯಜಮಾನಿಕೆಯೆಲ್ಲ ದೊಡ್ಡ ನರ್ಸಿನದು. ದಪ್ಪ ಧ್ವನಿ, ಹಗುರ ಕೈ. ಮುಂದೆ ಏನೇನಾಗಬಹುದು ಎಂದು ಅವಳು ತಾತನಿಗೂ ಮಗಳಿಗೂ ಮೊದಲೇ ತಿಳಿಸಿದಳು. ಹೊಟ್ಟೆ ಸಡಿಲವಾಗಿ ಹಸಿರಾಗಿ ಹೋಗುತ್ತದೆ, ಹೆದರಬಾರದು. ಮೈಮೇಲೆ ಬೆವರುಸಾಲೆಯ ಹಾಗೆ ಕೆಂಪು ಗುಳ್ಳೆ ಏಳಬಹುದು, ಪೌಡರು ಎಣ್ಣೆ ಏನೂ ಹಚ್ಚಬಾರದು. ಮೈಯ ನೀರು ಆರುತ್ತದೆ, ಅದಕ್ಕೇ ಹಾಲನ್ನು ಮತ್ತೆ ಮತ್ತೆ ಕುಡಿಸಬೇಕು, ಆಗ ಹೊರಗೆ ತೆಗೆದು ಎತ್ತಿಕೊಳ್ಳಬಹುದು. ಸ್ವಲ್ಪ ತೂಕ ಇಳಿದರೂ ಆಮೇಲೆ ಬರುತ್ತದೆ.

ನರ್ಸು ಹೇಳಿದ ಮೊದಲನೆಯದು ಬಹಳ ಬೇಗ ನಿಜವಾಯಿತು. ಬಟಾಣಿಯಷ್ಟು ಸಣ್ಣ ಜೀವದೊಳಗಿಂದ ಅಷ್ಟೊಂದು ಹೇಗೆ ಬರುತ್ತದೆ ಎಂದು ತಾತ ಮೂಗಿನ ಮೇಲೆ ಬೆರಳಿಟ್ಟ. ಪಾಲಕ್ ಅರೆದಂಥ ಹಸಿರು. ಒಂದು ಬದಲಿಸಿ ಕೈ ತೊಳೆದು ಬರುವಷ್ಟರಲ್ಲಿ ಇನ್ನೊಂದು. ಅವನು ತಂದಿದ್ದ ಚೀಲದ ಬಟ್ಟೆಗಳೆಲ್ಲ ಖಾಲಿಯಾಗಿ, ಆಸ್ಪತ್ರೆಯ ಹಿಂದಿನ ತಂತಿಯ ಮೇಲೆ ಸಾಲಾಗಿ ಒಣಗತೊಡಗಿದವು. ಒಗೆಯುವ ಕಲ್ಲಿನ ಹತ್ತಿರ ನಿಂತು ತಾತ ತನ್ನಷ್ಟಕ್ಕೆ ಗೊಣಗುತ್ತಿದ್ದ: ಜೀವಮಾನವೆಲ್ಲ ಹಿಟ್ಟು ಕಲಸಿದ ಕೈಗೆ ಇದೊಂದು ಕಲಸುವುದು ಬಾಕಿಯಿತ್ತು. ಗೊಣಗುತ್ತಲೇ ಬಟ್ಟೆಯನ್ನು ಮೂಗಿಗೆ ಹಿಡಿದು, ಸೋಪಿನ ವಾಸನೆ ಪೂರ್ತಿ ಹೋಗಿದೆಯೇ ಎಂದು ನೋಡಿ ಮತ್ತೊಮ್ಮೆ ನೀರಿಗೆ ಅದ್ದುತ್ತಿದ್ದ.

ಗುಳ್ಳೆಗಳೂ ಎದ್ದವು. ಎರಡನ್ನೂ ನರ್ಸು ಮೊದಲೇ ಹೇಳಿದ್ದರಿಂದ ತಾತ ಧೈರ್ಯವಾಗಿದ್ದ. ತನಗೆ ಗೊತ್ತಿರುವುದೇ ಎಂಬಂತೆ ಬೇರೆ ಮಕ್ಕಳ ಮನೆಯವರಿಗೂ ಧೈರ್ಯ ಹೇಳತೊಡಗಿದ.

ಆಮೇಲೆ ಬಂದದ್ದಕ್ಕೆ ಮಾತ್ರ ಯಾರೂ ಅವನನ್ನು ತಯಾರು ಮಾಡಿರಲಿಲ್ಲ.

ನೀಲಿ ಬೆಳಕಿನಲ್ಲಿ ಮಗುವಿನ ಮೈಬಣ್ಣ ಗೊತ್ತಾಗುವುದಿಲ್ಲ. ಎಲ್ಲ ಮಕ್ಕಳೂ ನೀಲಿಯೇ. ಹಾಲು ಕುಡಿಸುವುದಕ್ಕೆ ಹೊರಗೆ ತೆಗೆದಾಗಲೂ ಮಗಳು ಅವಳನ್ನು ಹೊದಿಕೆಯಲ್ಲಿ ಸುತ್ತಿ, ಹೊರಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ಬೆಳಗ್ಗೆ ಗೋಡೆಯ ಕಡೆಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರಿಂದ ಕಿಟಕಿಯ ಪಕ್ಕಕ್ಕೆ ಬಂದಳು. ಹೊದಿಕೆ ಸರಿದು ಬಟಾಣಿಯ ಕೈ ಹೊರಗೆ ಬಂತು. ಮಗಳು ಆ ಕೈಯನ್ನೇ ನೋಡುತ್ತ ಕೂತಳು.

"ಅಪ್ಪ, ಇಲ್ಲಿ ಬಾ. ಇವಳ ಕೈ ನೋಡು."

ತಾತ ನೋಡಿದ. ಹಳದಿಯಲ್ಲ, ಕೆಂಪಲ್ಲ. ಬೂದಿ ಬೆರೆಸಿದ ಕಂದು. ಬೆಳಗದೆ ಬಿಟ್ಟ ತಾಮ್ರದ ಪಾತ್ರೆಯ ಬಣ್ಣ. ಮುಖ ನೋಡಿದರೆ ಮುಖವೂ ಹಾಗೇ, ಹೊಟ್ಟೆಯೂ ಹಾಗೇ. ಅವನ ಕಸುಬಿನಲ್ಲಿ ಮೆತ್ತಗಿರುವುದು ಒಳಗೆ ಹೋಗಿ ಕಂದಾಗಿ ಹೊರಗೆ ಬಂದರೆ ಅದಕ್ಕೆ ಒಂದೇ ಅರ್ಥ.

"ಬೇಯಿಸಿಬಿಟ್ಟಿದ್ದಾರಲ್ಲಮ್ಮ ಮಗುನಾ," ಎಂದ. ಮಗಳ ಮುಖ ಬಿಳಚಿಕೊಂಡದ್ದು ನೋಡಿ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಆಡಿಯಾಗಿತ್ತು.

ಅವನು ನೆಟ್ಟಗೆ ಮಕ್ಕಳ ಕೋಣೆಗೆ ನುಗ್ಗಿದ. ದೀಪದ ತಂತಿ ಗೋಡೆಗೆ ಹೋಗಿ ಸೇರುವ ಜಾಗ ಹುಡುಕಿ ಪ್ಲಗ್ಗನ್ನು ಕಿತ್ತು ಹಿಡಿದುಕೊಂಡು ನಿಂತ, ಯಾರಾದರೂ ಬಂದು ಮತ್ತೆ ಹಾಕಲಿ ನೋಡೋಣ ಎಂಬಂತೆ. ಆರಿದ್ದು ಬಟಾಣಿಯ ದೀಪವಲ್ಲ, ಪಕ್ಕದ ತೊಟ್ಟಿಲಿನದು. ಅಲ್ಲಿ ಮಲಗಿದ್ದ ಗಂಡು ಮಗು ತನ್ನ ಪಾಡಿಗೆ ತಾನು ಆಕಳಿಸಿತು. ದೊಡ್ಡ ನರ್ಸು ಬಂದಳು, ತಾತನ ಕೈಯಿಂದ ಪ್ಲಗ್ಗು ತೆಗೆದುಕೊಂಡು ಇದ್ದಲ್ಲಿಗೆ ಹಾಕಿದಳು, ದೀಪ ಹತ್ತಿತು. ಅವಳು ರೇಗಲಿಲ್ಲ. ತಾತನ ಮುಂಗೈ ಹಿಡಿದು ಬಟಾಣಿಯ ಖಾಲಿ ತೊಟ್ಟಿಲೊಳಗೆ, ದೀಪದ ನೇರ ಕೆಳಗೆ ಇಟ್ಟಳು.

"ಬಿಸಿ ಇದೆಯಾ, ತಾತ?"

ಇರಲಿಲ್ಲ. ಹೊರಗಿನ ಕೋಣೆಯಲ್ಲಿ ಇದ್ದಷ್ಟೇ. ತಾತನ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನು ಪಕ್ಕದ ತೊಟ್ಟಿಲ ಕಡೆ ತಿರುಗಿ, ತಪ್ಪಾಯಿತು ಮಾರಾಯ ಎಂದು ಆ ಗಂಡು ಮಗುವಿಗೆ ಹೇಳಿದ.

ಬಣ್ಣ ನೋಡಿದ ಮೇಲೆ ನರ್ಸಿನ ಮುಖವೂ ಗಂಭೀರವಾಯಿತು. ಡಾಕ್ಟರಮ್ಮನನ್ನು ಕರೆಸಿದಳು. ಡಾಕ್ಟರಮ್ಮ ಬಟಾಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಹೊಟ್ಟೆ ಒತ್ತಿ ನೋಡಿ, ಮತ್ತೆ ರಕ್ತಕ್ಕೂ ಮೂತ್ರಕ್ಕೂ ಪರೀಕ್ಷೆ ಬರೆದಳು. ನಂತರ ಒಂದು ಸ್ಟೂಲು ಎಳೆದುಕೊಂಡು ಮಗಳ ಎದುರು ಕೂತಳು. ಇದು ಸುಟ್ಟದ್ದಲ್ಲ ಎಂದು ಮೊದಲು ಅದನ್ನೇ ಹೇಳಿದಳು. ಈ ದೀಪದಿಂದ ಹೀಗಾಗುವುದು ಅಪರೂಪ, ತಾನು ನೋಡಿದ್ದೂ ಒಂದೋ ಎರಡೋ ಮಾತ್ರ. ಪಿತ್ತರಸ ಲಿವರಿನಿಂದ ಕೆಳಗಿಳಿಯುವುದು ನಿಧಾನವಾಗಿರುವ ಮಕ್ಕಳಲ್ಲಿ, ಈ ಬೆಳಕು ಬಿದ್ದಾಗ ಒಂದು ಥರದ ಕಂದು ಬಣ್ಣ ರಕ್ತದಲ್ಲಿ ಸೇರಿ ಮೈಗೆ ಏರುತ್ತದೆ. ದೀಪ ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಪಿತ್ತರಸ ಯಾಕೆ ನಿಧಾನವಾಯಿತು ಎಂಬುದನ್ನು ಹುಡುಕಬೇಕು.

"ಈಗಲೇ ದೀಪ ನಿಲ್ಲಿಸಬಹುದಲ್ಲ?" ಎಂದು ಮಗಳು ಕೇಳಿದಳು.

"ನಿಲ್ಲಿಸಿದ್ರೆ ಕಂದು ಬಣ್ಣ ಅಲ್ಲಿಗೇ ನಿಲ್ಲುತ್ತೆ. ಆದ್ರೆ ಹಳದಿ ಇನ್ನೂ ಇಳಿದಿಲ್ಲಮ್ಮ. ಈ ಬಣ್ಣದಿಂದ ಅವಳಿಗೆ ನೋವಿಲ್ಲ. ಹಳದಿಯಿಂದ ಅಪಾಯ ಇದೆ. ನನ್ನ ಮಗು ಆಗಿದ್ರೆ ನಾನು ಇನ್ನೂ ಸ್ವಲ್ಪ ಮಲಗಿಸ್ತಿದ್ದೆ."

ಮಗಳು ತಂದೆಯ ಮುಖ ನೋಡಿದಳು. ಚಿಕ್ಕಂದಿನಿಂದ ಅವಳ ಅಭ್ಯಾಸ ಅದು. ಹಲ್ಲು ಕೀಳಿಸಬೇಕಾದಾಗಲೂ, ಮದುವೆಗೆ ಹೂಂ ಅನ್ನಬೇಕಾದಾಗಲೂ ಮೊದಲು ಆ ಮುಖದಲ್ಲಿ ಏನಿದೆ ಎಂದು ನೋಡುವವಳು. ತಾತನ ಗಂಟಲಿನವರೆಗೆ ಬಂದಿತ್ತು: ಬೇಡ, ತೆಗೆದುಬಿಡಿ, ಮನೆಗೆ ಕರೆದುಕೊಂಡು ಹೋಗೋಣ. ಅವನು ಅದನ್ನು ನುಂಗಿಕೊಂಡ. ಈಗಷ್ಟೇ ಬೇರೆಯವರ ಮಗುವಿನ ದೀಪ ಆರಿಸಿ ಬಂದಿದ್ದ ಅವನಿಗೆ ತನ್ನ ಭಯದ ಮೇಲೆ ಅಷ್ಟು ನಂಬಿಕೆ ಉಳಿದಿರಲಿಲ್ಲ.

"ಅಮ್ಮ ನೀನು. ನೀನೇ ಹೇಳು," ಎಂದ.

ಮಗಳು ಬಟಾಣಿಯ ಕಂದು ಹಣೆಗೆ ತುಟಿ ಒತ್ತಿದಳು. "ದೀಪ ಇರಲಿ," ಎಂದಳು.

ಹೊರಡುವ ಮೊದಲು ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದಳು. ಮಲದ ಬಣ್ಣ ಏನಿದೆ? ಈ ವಿಷಯದಲ್ಲಿ ತನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬ ಗತ್ತಿನಲ್ಲಿ ತಾತ, ಹಸಿರು ಎಂದ. ಹಾಗಾದರೆ ಒಳ್ಳೆಯದು, ಪಿತ್ತರಸ ಕೆಳಗೆ ಬರುತ್ತಿದೆ ಎಂದರ್ಥ, ಸುಣ್ಣದ ಹಾಗೆ ಬೆಳ್ಳಗೆ ಬಂದರೆ ಮಾತ್ರ ತಕ್ಷಣ ಹೇಳಿ ಎಂದು ಅವಳು ತಿಳಿಸಿ ಹೋದಳು.

ಅಂದಿನಿಂದ ತಾತನ ಗೊಣಗಾಟ ನಿಂತುಹೋಯಿತು. ಪ್ರತಿಸಲ ಬಟ್ಟೆ ಬಿಚ್ಚುವಾಗಲೂ ಉಸಿರು ಬಿಗಿಹಿಡಿದು, ಹಸಿರು ಕಂಡೊಡನೆ ಉಸಿರು ಬಿಡುತ್ತಿದ್ದ. ಆ ಬಟ್ಟೆಯನ್ನು ಕಿಟಕಿಯ ಹತ್ತಿರ ತಂದು ಹೀಗೊಮ್ಮೆ ಹಾಗೊಮ್ಮೆ ಹಿಡಿದು ನೋಡಿ, ಆಮೇಲೆ ಕಾರಿಡಾರಿನ ಉದ್ದಕ್ಕೂ ನಡೆದು ಮಗಳ ಬಾಗಿಲಲ್ಲಿ ನಿಂತು, ಹಸಿರು ಕಣಮ್ಮ, ಒಳ್ಳೇ ಹಸಿರು ಎಂದು ವರದಿ ಒಪ್ಪಿಸುತ್ತಿದ್ದ. ಊಟ ಮಾಡುತ್ತಿದ್ದ ಪಕ್ಕದ ಮಂಚದವರು ತಟ್ಟೆ ಎತ್ತಿಕೊಂಡು ಆಚೆ ತಿರುಗುತ್ತಿದ್ದರು. ತಾತನಿಗೆ ಅದರ ಪರಿವೆಯೇ ಇರಲಿಲ್ಲ.

ಮೂತ್ರದ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು. ಒಂದು ಸೋಂಕು. ಅದರಿಂದಲೇ ಕಾಮಾಲೆ ಅಷ್ಟು ಏರಿದ್ದು, ಪಿತ್ತರಸ ಮಂದವಾದದ್ದೂ ಅದರಿಂದಲೇ ಇರಬೇಕು ಎಂದು ಡಾಕ್ಟರಮ್ಮ ಹೇಳಿ ಔಷಧಿ ಶುರುಮಾಡಿದಳು. ಅಷ್ಟು ಸಣ್ಣ ಕೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದನ್ನು ನೋಡಲಾರದೆ ಮಗಳು ಮುಖ ತಿರುಗಿಸಿದಾಗ ತಾತ ಅವಳ ತಲೆ ಸವರುತ್ತ ನಿಂತ. ಹಳದಿ ಇಳಿಯತೊಡಗಿತು. ಕಂದು ಮಾತ್ರ ಇನ್ನಷ್ಟು ಗಾಢವಾಯಿತು.

ಇಷ್ಟೆಲ್ಲದರ ನಡುವೆ ತಾತನ ತಲೆ ತಿನ್ನುತ್ತಿದ್ದ ಇನ್ನೊಂದು ವಿಷಯವಿತ್ತು: ಬೀಗಿತ್ತಿ.

ಅಳಿಯನ ತಾಯಿ ಬ್ಯೂಟಿ ಪಾರ್ಲರ್ ನಡೆಸುವವಳು. ಅವಳ ಅಂಗಡಿಯ ಗಾಜಿನ ಮೇಲೆ ಹೊಳೆಯುವ ಬಿಳಿ ಮುಖವೊಂದರ ಚಿತ್ರ, ಒಳಗೆ ಕಪಾಟಿನ ತುಂಬ ಮುಖ ಬೆಳ್ಳಗಾಗುವ ಕ್ರೀಮಿನ ಡಬ್ಬಿಗಳು. ಮದುವೆಯಲ್ಲಿ ತಾತನ ಮುಖವನ್ನೇ ಹತ್ತಿರದಿಂದ ಪರೀಕ್ಷಿಸಿ, ಬೀಗರೇ, ಭಟ್ಟಿ ಮುಂದೆ ನಿಂತು ನಿಂತು ಚರ್ಮ ಹಾಳುಮಾಡ್ಕೊಂಡಿದ್ದೀರಿ ಎಂದು ನಾಲ್ಕು ಜನರ ಎದುರು ಹೇಳಿದ್ದಳು. ಅಂಥವಳಿಗೆ ಈ ಬಟಾಣಿಯನ್ನು ಹೇಗೆ ತೋರಿಸುವುದು? ಅವಳು ಫೋನು ಮಾಡಿದಾಗಲೆಲ್ಲ ಫೋಟೋ ಕಳಿಸಿ ಎನ್ನುತ್ತಿದ್ದಳು. ತಾತ ನೀಲಿ ಬೆಳಕಿನಲ್ಲಿ ತೆಗೆದ ಪಾದದ ಫೋಟೋ ಕಳಿಸಿದ. ಇನ್ನೊಂದು ಸಲ ಹೊದಿಕೆಯ ಫೋಟೋ ಕಳಿಸಿ, ಇದರೊಳಗೆ ಮಲಗಿದ್ದಾಳೆ ಎಂದ. ಮತ್ತೊಂದು ಸಲ ಫೋನಿನ ಚಾರ್ಜು ಮುಗಿಯಿತು ಎಂದ, ಆ ಫೋನಿನಲ್ಲೇ ಮಾತಾಡುತ್ತ.

ಬೀಗಿತ್ತಿ ಪಾರ್ಲರಿಗೆ ಬೀಗ ಹಾಕಿ ರೈಲು ಹತ್ತಿದಳು. ಬರುತ್ತೇನೆಂದು ಹೇಳಲೂ ಇಲ್ಲ.

ಅವಳು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡಾಗ ದೀಪದ ಕೆಲಸ ಮುಗಿದು ಬಟಾಣಿ ಅಮ್ಮನ ಪಕ್ಕಕ್ಕೆ ಮರಳಿದ್ದಳು. ತಾತ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದ. ಮೂಗಿಗೆ ಸುಗಂಧ ಬಡಿದು ತಲೆ ಎತ್ತಿದವನು ಬಟ್ಟೆ ಹಿಡಿದುಕೊಂಡೇ ಎದ್ದ. ಮಂಚಕ್ಕೂ ಅವಳಿಗೂ ಮಧ್ಯೆ ಬಂದು ನಿಂತು, ಪ್ರಯಾಣ ಹೇಗಿತ್ತು, ಏನಾದರೂ ತಿಂದಿರಾ, ಕೈ ತೊಳೆಯುವ ಜಾಗ ಆ ಕಡೆ ಇದೆ ಎಂದು ಒಂದೇ ಉಸಿರಿಗೆ ಹೇಳಿದ. ಬೀಗಿತ್ತಿ ಕೈ ತೊಳೆದು ಬಂದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

"ಬೀಗರೇ, ಸ್ವಲ್ಪ ಜರುಗಿ. ನಾನು ನಿಮ್ಮನ್ನ ನೋಡೋಕೆ ಬಂದಿಲ್ಲ."

ಅವನು ಜರುಗಿದ. ಮಗಳು ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು, ಅತ್ತೆ, ಇದು ದೀಪದಿಂದ ಆಗಿದ್ದು, ಹೋಗುತ್ತಂತೆ ಎಂದು ಮೊದಲೇ ಹೇಳತೊಡಗಿದಳು. ಬೀಗಿತ್ತಿ ಎರಡೂ ಕೈ ಚಾಚಿದಳು. ಮಗುವನ್ನು ಇಸಿದುಕೊಂಡು ಕಿಟಕಿಯ ಹತ್ತಿರ ಹೋದಳು. ಜನರ ಮುಖ ನೋಡುವುದೇ ಕಸುಬಾದವಳು; ಹಣೆಯಿಂದ ಶುರುಮಾಡಿ ಗಲ್ಲ, ಕಿವಿ, ಕತ್ತಿನ ಮಡಿಕೆ ಎಲ್ಲವನ್ನೂ ನೋಡಿದಳು. ಹೆಬ್ಬೆರಳಿನಿಂದ ಕೆನ್ನೆಯನ್ನು ಒಮ್ಮೆ ಸವರಿದಳು. ತಾತ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದ.

ಆಮೇಲೆ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

"ಇದು ನಮ್ಮಮ್ಮನ ಬಣ್ಣ."

ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ತಾತನಿಗೆ ಅನುಮಾನವಾಯಿತು. ಬೀಗಿತ್ತಿ ಹಾಲಿನಂಥ ಬಣ್ಣದವಳು, ಅವಳ ಮಗನೂ ಹಾಗೇ.

"ನಾನು ಅಪ್ಪನ ಹಾಗೆ. ಅಮ್ಮ ಹೀಗೇ ಇದ್ದಳು, ಥೇಟ್ ಹೀಗೇ," ಎಂದಳು ಅವಳು. "ಒಂದು ಫೋಟೋನೂ ಇಲ್ಲ ನನ್ನ ಹತ್ರ. ಫೋಟೋ ಅಂದ್ರೆ ಓಡಿಹೋಗ್ತಿದ್ದಳು, ಕಪ್ಪಗೆ ಬೀಳ್ತೀನಿ ಅಂತ."

ಇಷ್ಟು ಹೇಳಿ ಅವಳು ಮಗುವಿನ ಕಂದು ಕೆನ್ನೆಗೆ ತನ್ನ ಕೆನ್ನೆ ಇಟ್ಟು ಕಣ್ಣು ಮುಚ್ಚಿದಳು. ಮಗಳು ತಂದೆಯ ಕಡೆ ನೋಡಿದಳು. ತಾತ ಬಟ್ಟೆಯಿಂದ ಮುಖ ಒರೆಸಿಕೊಂಡ. ಆಮೇಲೆ ಅದು ಯಾವ ಬಟ್ಟೆ ಎಂದು ನೆನಪಾಗಿ, ಹೇಗೂ ಒಗೆದದ್ದಲ್ಲವೇ ಎಂದು ಸುಮ್ಮನಾದ.

ಪಕ್ಕದ ಮಂಚದ ಬಾಣಂತಿಯನ್ನು ನೋಡಿಕೊಳ್ಳಲು ಬಂದಿದ್ದ ಚಿಕ್ಕಮ್ಮನೊಬ್ಬಳಿಗೆ ಇದನ್ನೆಲ್ಲ ನೋಡಿಕೊಂಡು ಬಾಯಿ ಮುಚ್ಚಿ ಇರಲಾಗಲಿಲ್ಲ. ಹೆಣ್ಣು ಮಗು ಪಾಪ, ಈ ಬಣ್ಣ ಹೋಗುತ್ತೋ ಇಲ್ಲವೋ ಎಂದು ಕನಿಕರಪಟ್ಟಳು. ಬೀಗಿತ್ತಿ ಕಣ್ಣು ತೆರೆದು ಅವಳ ಕಡೆ ತಿರುಗಿದಳು.

"ಹೋದ್ರೆ ಹೋಗುತ್ತೆ, ಇದ್ರೆ ಇರುತ್ತೆ. ನಮಗೇನೂ ಅವಸರ ಇಲ್ಲ."

ಚಿಕ್ಕಮ್ಮ ತನ್ನ ಬಾಣಂತಿಯ ಹೊದಿಕೆ ಸರಿಮಾಡತೊಡಗಿದಳು. ತಾತನಿಗೆ ಆ ಗಳಿಗೆಯಲ್ಲಿ ಬೀಗಿತ್ತಿಗೆ ಏನಾದರೂ ಕೊಡಬೇಕೆನ್ನಿಸಿತು. ಜೇಬು ತಡಕಾಡಿದ. ಬಿಸ್ಕತ್ತಿತ್ತು, ಅದನ್ನೇ ಕೊಟ್ಟ. ಅವಳು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಬೆಣ್ಣೆ ಕಡಿಮೆ ಹಾಕುತ್ತೀರಿ ಎಂದು ಹೇಳಿ ಪೂರ್ತಿ ತಿಂದಳು.

ಔಷಧಿಯ ಗಡುವು ಮುಗಿದು ಬಟಾಣಿ ಮನೆಗೆ ಬಂದಳು. ಎರಡು ಕೋಣೆಯ ಮನೆ, ಕೆಳಗಡೆ ಬೇಕರಿ. ಬೀಗಿತ್ತಿ ಕೆಲವು ದಿನ ಇದ್ದು ಹೋಗುತ್ತೇನೆಂದವಳು, ಬಾಗಿಲು ಮುಚ್ಚಿದ ಪಾರ್ಲರಿನ ಗಿರಾಕಿಗಳಿಗೆ ಫೋನಿನಲ್ಲೇ ಸಮಾಧಾನ ಹೇಳಿಕೊಂಡು ಉಳಿದುಬಿಟ್ಟಳು. ಬಾಣಂತನದಲ್ಲಿ ಯಾರ ಮಾತು ನಡೆಯಬೇಕು ಎಂದು ಅವಳಿಗೂ ತಾತನಿಗೂ ದಿನವೂ ಜಟಾಪಟಿ. ತೇಗು ಬರಿಸಲು ಮಗುವನ್ನು ಹೆಗಲ ಮೇಲೆ ಹಾಕಬೇಕೋ ತೊಡೆಯ ಮೇಲೆ ಕೂರಿಸಬೇಕೋ ಎಂಬ ವಿಷಯದಲ್ಲಿ ಒಮ್ಮೆ ಮಾತು ಬೆಳೆದು ಇಬ್ಬರೂ ಮುಖ ಊದಿಸಿಕೊಂಡು ಕೂತರು. ಅಷ್ಟರಲ್ಲಿ ಬಟಾಣಿ ಮಲಗಿದ್ದಲ್ಲೇ ತೇಗಿದಳು.

ಅಳಿಯನ ಹಡಗು ಬಂದರು ಸೇರಿದ ದಿನ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವ ಅವಕಾಶ ಸಿಕ್ಕಿತು. ಅವನಿಗೆ ಕಾಮಾಲೆಯ ಸುದ್ದಿ ತಿಳಿದಿತ್ತು, ಸೋಂಕಿನದೂ ತಿಳಿದಿತ್ತು. ಬಣ್ಣದ ವಿಷಯವನ್ನು ಮಾತ್ರ ಅಷ್ಟು ದೂರದಲ್ಲಿ ಒಬ್ಬನೇ ಇರುವವನಿಗೆ ಹೇಗೆ ಹೇಳುವುದೆಂದು ಮಗಳು ಮುಂದೂಡುತ್ತಲೇ ಬಂದಿದ್ದಳು. ಈಗ ಏನೂ ಹೇಳದೆ ಮಗುವನ್ನು ಎತ್ತಿ ಹಿಡಿದಳು. ತೆರೆಯ ಮೇಲಿನ ಮುಖ ಹತ್ತಿರ ಬಂತು. ಅವನು ಕೆಲಸದಿಂದ ನೇರ ಬಂದಿದ್ದಿರಬೇಕು, ಹಣೆಯ ಮೇಲೆಲ್ಲ ಎಣ್ಣೆಮಸಿ. ಮಗಳು ಎಲ್ಲವನ್ನೂ ಹೇಳಿದಳು. ದೀಪ, ಬಣ್ಣ, ತಾನು ದೀಪ ಇರಲಿ ಎಂದದ್ದು.

"ನಾನು ಇಂಜಿನ್ ರೂಮಿಂದ ಮೇಲೆ ಬಂದಾಗ ಹೀಗೇ ಇರ್ತೀನಿ," ಎಂದ ಅವನು. "ಅಪ್ಪನ ಮಗಳು."

ಅದಾದ ಮೇಲೆ ಅವನು ಮಾತಾಡಲಿಲ್ಲ. ಸಿಗ್ನಲ್ ಹೋಯಿತೇನೋ ಎಂದು ತಾತ ಫೋನು ಅಲುಗಾಡಿಸಹೋದ. ಹೋಗಿರಲಿಲ್ಲ, ಅಳಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ, ಮಸಿ ಇನ್ನಷ್ಟು ಹರಡಿಕೊಂಡಿತು. ನೀನು ಸರಿಯಾಗಿ ಮಾಡಿದೆ ಎಂದು ಆಮೇಲೆ ಅವನು ಹೇಳಿದ. ಮಗಳು ಅಷ್ಟು ದಿನ ಹಿಡಿದುಕೊಂಡಿದ್ದ ಅಳುವನ್ನು ಆಗ ಅತ್ತಳು, ಅವಳ ಅಳು ಕೇಳಿ ಬಟಾಣಿಯೂ ಶುರುಮಾಡಿದಳು, ಮನೆ ತುಂಬ ಅಳುವೇ ಆಯಿತು.

ಬಣ್ಣ ಇಳಿಯತೊಡಗಿತು. ಮೊದಲು ಅಂಗಾಲು, ಅಂಗೈ. ಆಮೇಲೆ ಹೊಟ್ಟೆ. ಮುಖದಲ್ಲಿ ಕೆಲವು ದಿನ ಮೋಡ ಸರಿದಂತೆ ಅಲ್ಲಲ್ಲಿ ತಿಳಿಯಾಗಿ, ಆಮೇಲೆ ಅಲ್ಲಿಂದಲೂ ಜಾರಿತು. ಪರೀಕ್ಷೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ರಕ್ತ ಮತ್ತೆ ನೋಡಿಸಿ, ಲಿವರ್ ಚೆನ್ನಾಗಿದೆ, ಹಳದಿ ಏರಿದ್ದರಿಂದ ಕಿವಿಗೂ ತೊಂದರೆಯಾಗಿಲ್ಲ, ತೂಕವೂ ಏರಿದೆ ಎಂದಳು. ದೊಡ್ಡ ನರ್ಸು ಬಂದು ಬಟಾಣಿಯ ಕೆನ್ನೆ ಹಿಂಡಿ, ತಾತನ ಕಡೆ ನೋಡಿ, ಇವತ್ತು ಯಾವ ಪ್ಲಗ್ಗೂ ಮುಟ್ಟಬೇಡಿ ಎಂದಳು. ತಾತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಬಟಾಣಿ ತನ್ನ ನಿಜವಾದ ಬಣ್ಣಕ್ಕೆ ಬಂದಳು. ಅದು ಬೀಗಿತ್ತಿಯದೂ ಅಲ್ಲ, ತಾತನದೂ ಅಲ್ಲ, ಎರಡರ ಮಧ್ಯೆ ಅವಳದೇ ಒಂದು. ಎಲ್ಲರಿಗೂ ಸಂತೋಷವಾಯಿತು. ಬೀಗಿತ್ತಿಗೂ ಆಯಿತು; ಇಲ್ಲವೆನ್ನುವಂತಿಲ್ಲ. ಆದರೆ ಸ್ನಾನ ಮಾಡಿಸುವಾಗ ಅವಳ ಕೈ ಮೊದಲಿಗಿಂತ ಮೆಲ್ಲಗೆ ಆಡುತ್ತಿದ್ದುದನ್ನು ತಾತ ಗಮನಿಸಿದ್ದ. ಬಟ್ಟೆಯಿಂದ ಉಜ್ಜುತ್ತಿರಲಿಲ್ಲ, ಬರೀ ನೀರು ಹುಯ್ದು ಒತ್ತಿ ಒರೆಸುತ್ತಿದ್ದಳು.

ಅವಳು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಸ್ನಾನವಾದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಿಸಿಲು ಬೀಳುವ ಕಿಟಕಿಯ ಹತ್ತಿರ ಕೂತಿದ್ದಳು. ಮಗಳು ಒಳಗೆ ನಿದ್ದೆ ಹೋಗಿದ್ದಳು. ಕೆಳಗಿನಿಂದ ಬ್ರೆಡ್ಡು ಬೇಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ತಾತ ಟವೆಲ್ಲು ತಂದುಕೊಟ್ಟ. ಬೀಗಿತ್ತಿ ಮಗುವಿನ ಕಿವಿಯನ್ನು ಬೆರಳಿನಿಂದ ಮಡಚಿ ಹಿಂದುಗಡೆ ತೋರಿಸಿದಳು.

"ಬೀಗರೇ, ಇಲ್ಲಿ ಇನ್ನೂ ಸ್ವಲ್ಪ ಆ ಬಣ್ಣ ಉಳಿದಿದೆ ನೋಡಿ."

ತಾತ ಕನ್ನಡಕ ಹಾಕಿಕೊಂಡು ಬಗ್ಗಿದ. ಹತ್ತಿರದಿಂದ ನೋಡಿದ, ಬೆಳಕಿಗೆ ತಿರುಗಿಸಿ ನೋಡಿದ. ಅಲ್ಲಿ ಮೆತ್ತನೆಯ ಹೊಸ ಚರ್ಮವೂ ಒಂದೆರಡು ಕೂದಲೂ ಬಿಟ್ಟರೆ ಏನೂ ಇರಲಿಲ್ಲ.

"ಹೌದಲ್ಲ," ಎಂದ ಅವನು. "ಇದೆ."

ಬೀಗಿತ್ತಿ ಕಿವಿಯನ್ನು ಜೋಪಾನವಾಗಿ ಬಿಟ್ಟು, ಟವೆಲ್ಲಿನ ತುದಿಯಿಂದ ಆ ಜಾಗವನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದಳು. ಬಟಾಣಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ಒಂದು ಕಾಲಿನಿಂದ ಗಾಳಿಯನ್ನು ಒದ್ದಳು. ಕಾಲುಚೀಲ ಎಲ್ಲಿ ಇಟ್ಟಿದ್ದೀರಿ ಎಂದು ಬೀಗಿತ್ತಿ ಕೇಳಿದಳು, ತಾತ ಹುಡುಕಿಕೊಂಡು ಒಳಗೆ ಹೋದ.